ಮಗು ಓದುವಾಗ ಪಕ್ಕದಲ್ಲಿ ಕೂತವರ ಲೆಕ್ಕ

ನಮ್ಮ ಸೀಮೆಯ ಇತಿಹಾಸ ಸರಣಿ. ಐದು ಫೋಟೋ, ಐದು ಕ್ಯಾಪ್ಷನ್. ಉದ್ದ ಇದೆ, ಆದ್ರೂ ಕೊನೆವರೆಗೂ ಓದಿ ಫ್ರೆಂಡ್ಸ್.

1/5 ತಾಳಗುಂದದ ಕಂಬ

ಸೊರಬದಿಂದ ಶಿಕಾರಿಪುರದ ಬಸ್ ಹತ್ತಿದ್ರೆ ಮಧ್ಯೆ ಶಿರಾಳಕೊಪ್ಪ ಸಿಗುತ್ತೆ. ಅಲ್ಲಿಂದ ಹತ್ತಿರದಲ್ಲೇ ತಾಳಗುಂದ. ಪ್ರಣವೇಶ್ವರ ದೇವಸ್ಥಾನದ ಮುಂದಿರೋ ಈ ಕಲ್ಲಿನ ಕಂಬ 5ನೇ ಶತಮಾನದ್ದು. ಇದರ ಮೇಲಿನ ಶಾಸನ ಬರೆದ ಕವಿ ಕುಬ್ಜ. ಮಯೂರಶರ್ಮ ಕಂಚಿಯ ಘಟಿಕೆಗೆ ಓದೋಕೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು, ಓದು ಬಿಟ್ಟು ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ಈ ಕತೆ ಹೈಸ್ಕೂಲಲ್ಲೇ ಎಲ್ರೂ ಓದಿದ್ದೀವಿ.

ನಾವು ದಾಟಿಕೊಂಡು ಹೋಗಿರೋದು ಒಂದು ಸಣ್ಣ ವಿಷಯ. ಮಯೂರ ಕಂಚಿಗೆ ಒಬ್ಬನೇ ಹೋಗಿರಲಿಲ್ಲ. ಜೊತೆಗೆ ವೀರಶರ್ಮ ಇದ್ದರು. ಶಾಸನ ಅವರನ್ನ ಗುರು ಅನ್ನುತ್ತೆ, ಅವರು ಅವನ ಅಜ್ಜ ಅಂತಲೂ ಎಷ್ಟೋ ಪುಸ್ತಕಗಳು ಹೇಳ್ತವೆ. ಅಂದ್ರೆ ನಮ್ಮ ತಾಲ್ಲೂಕಿನ ಇಷ್ಟು ಹಳೇ ವಿದ್ಯಾರ್ಥಿಯ ಕತೆಯಲ್ಲೂ ಓದೋ ಹುಡುಗನ ಪಕ್ಕ ಒಬ್ರು ಹಿರಿಯರು ಇದ್ದಾರೆ. ಇವತ್ತಿನ ಸರಣಿ ಅಂಥವರ ಬಗ್ಗೆ: ಮಕ್ಕಳನ್ನ ನೋಡ್ಕೊಳ್ಳೋರು, ಅವರ ಓದಿಗೆ ಆಸರೆ ಆಗೋರು.

2/5 ಬಳ್ಳಿಗಾವಿ, ಕೋಡಿಮಠ

ಬಿಕಾಂ ಓದೋರಿಗೆ ಶಾಸನ ತೋರಿಸಿದ್ರೆ ಮೊದಲು ಕಾಣೋದು ಖರ್ಚಿನ ಲೆಕ್ಕ! ದಾನ ಬಂದ ಭೂಮಿ ಎಷ್ಟು, ಅದರ ಆದಾಯ ಯಾವ್ಯಾವ ಬಾಬ್ತಿಗೆ ಅನ್ನೋದನ್ನ ಕಲ್ಲಲ್ಲೇ ಬರೆಸಿಡ್ತಿದ್ರು.

ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ್ದ ಕೋಡಿಮಠದ 1162ರ ಶಾಸನ ನೋಡಿ. ವೇದ, ವ್ಯಾಕರಣ, ದರ್ಶನ, ಪುರಾಣ ಅಂತ ಅಲ್ಲಿ ಓದಿಸ್ತಿದ್ದ ವಿಷಯಗಳ ದೊಡ್ಡ ಪಟ್ಟಿನೇ ಇದೆ. ಅದೇ ಶಾಸನದಲ್ಲಿ ದಿಕ್ಕಿಲ್ಲದವರಿಗೆ ಊಟ, ಕಾಯಿಲೆಯವರಿಗೆ ಔಷಧಿ ಅನ್ನೋದೂ ಇದೆ. ಪಾಠ ಮತ್ತು ಆರೈಕೆ ಎರಡೂ ಒಂದೇ ಸೂರಿನ ಕೆಳಗೆ.

ಈಗ ನಮ್ಮ ಜಿಲ್ಲೆ ಬಿಟ್ಟು ವಿಜಯಪುರ ಕಡೆ ಹೋಗೋಣ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಒಂದು ಶಾಲೆ ಕಟ್ಟಿಸಿದ್ದ. ಅದರ 945ರ ಶಾಸನದಲ್ಲಿ ವಿದ್ಯಾರ್ಥಿಗಳು ಉಳಿಯೋಕೆ 27 ಮನೆಗಳಿದ್ವು ಅಂತ ಇದೆ. ದೀಪದ ಖರ್ಚಿಗೆ ಅಂತಾನೇ 12 ನಿವರ್ತನ ಭೂಮಿ ಬೇರೆ. ಕತ್ತಲಾದ ಮೇಲೆ ಬೆಳಕು ಬೇಕು ಅಂತ ಯೋಚನೆ ಮಾಡಿ, ಅದಕ್ಕೂ ದುಡ್ಡು ತೆಗೆದಿಟ್ಟಿದ್ರು.

3/5 ಲೆಕ್ಕದಲ್ಲಿ ಇಲ್ಲದವರು

ಇಷ್ಟಕ್ಕೇ ಹೆಮ್ಮೆಪಟ್ಟು ಸುಮ್ನಾಗೋ ಹಾಗಿಲ್ಲ. ಆ ಅಗ್ರಹಾರಗಳ ಬಾಗಿಲು ತೆರೆದಿದ್ದು ಯಾರಿಗೆ? ಬಹುಪಾಲು ಬ್ರಾಹ್ಮಣ ಗಂಡುಮಕ್ಕಳಿಗೆ. ಗದ್ದೆಯಲ್ಲಿ ದುಡಿದು ಅಷ್ಟೂ ಭತ್ತ ಬೆಳೆದವರ ಮಕ್ಕಳು ಹೊರಗೇ ಉಳಿದ್ರು.

ಇನ್ನು ಭೂಮಿ ಕೊಟ್ಟವನ ಹೆಸರು, ವಂಶ, ಬಿರುದು ಎಲ್ಲ ಕಲ್ಲಲ್ಲಿ ಸಿಗುತ್ತೆ. ದೀಪಕ್ಕೆ ಎಣ್ಣೆ ಹಾಕಿದವರ ಹೆಸರು ಸಿಗಲ್ಲ.

ಆಮೇಲೆ ಊರೂರಲ್ಲಿ ಕೂಲಿಮಠ ಬಂತು. ಅಯ್ಯನೋರು ಮರಳ ಮೇಲೆ ಬೆರಳಲ್ಲಿ ಅಕ್ಷರ ತಿದ್ದಿಸೋರು, ಮಕ್ಕಳು ಒಟ್ಟಿಗೆ ಕೂಗಿ ಮಗ್ಗಿ ಹೇಳೋರು. ಬಾಯಿಪಾಠದ ಓದಿಗೆ ಕೇಳಿಸ್ಕೊಳ್ಳೋ ಕಿವಿ ಬೇಕೇ ಬೇಕು. ಓದು ಬಾರದ ಅಜ್ಜಿಗೂ ಹದಿಮೂರರ ಮಗ್ಗಿ ಎಲ್ಲಿ ತಡವರಿಸ್ತು ಅನ್ನೋದು ಗೊತ್ತಾಗುತ್ತೆ, ತಾಳ ತಪ್ಪುತ್ತಲ್ಲ!

4/5 ಅಂಗಳದಿಂದ ಅಂಗನವಾಡಿಗೆ

ಮಕ್ಕಳನ್ನ ನೋಡ್ಕೊಳ್ಳೋದೂ ಶಿಕ್ಷಣದ ಭಾಗ ಅಂತ ಹೊಸ ಕಾಲದಲ್ಲಿ ಮಾಡಿ ತೋರಿಸಿದವರಲ್ಲಿ ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಮುಖ್ಯರು. 1945ರಲ್ಲಿ ಬೋರ್ಡಿ ಅನ್ನೋ ಹಳ್ಳಿಯಲ್ಲಿ ಕೆಲಸ ಶುರು ಮಾಡಿದ್ರು. ಬಡವರ ಮಕ್ಕಳು ಬಾಲವಾಡಿಗೆ ಬರದಿದ್ರೆ, ಅವರ ಮನೆ ಅಂಗಳಕ್ಕೇ ಬಾಲವಾಡಿನ ತಗೊಂಡು ಹೋದ್ರು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯ್ತು. ಕರ್ನಾಟಕದಲ್ಲಿ ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ, 100 ಅಂಗನವಾಡಿಗಳ ಜೊತೆ. ಶಾಸನಗಳ ಕಾಲದ ಓದಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲಿದೆ: ಇಲ್ಲಿ ಜಾತಿ ಕೇಳಲ್ಲ, ಹೆಣ್ಣುಮಗು ಗಂಡುಮಗು ಒಂದೇ ಚಾಪೆ ಮೇಲೆ.

2023ರ ರಾಜ್ಯ ಬಜೆಟ್‌ನಲ್ಲಿ 'ಕೂಸಿನ ಮನೆ' ಘೋಷಣೆ ಆಯ್ತು. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳಿಗೆ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ. ನೋಡ್ಕೊಳ್ಳೋರು ಅದೇ ಊರಿನ ಹೆಂಗಸರು.

ಆದ್ರೆ ಲೆಕ್ಕ ಇನ್ನೂ ಪೂರ್ತಿ ಸರಿಯಾಗಿಲ್ಲ. ಅಂಗನವಾಡಿ ಕಾರ್ಯಕರ್ತೆಗೆ, ಸಹಾಯಕಿಗೆ ಸಿಗೋದಕ್ಕೆ ಸಂಬಳ ಅಂತ ಹೆಸರಿಲ್ಲ, ಅದು 'ಗೌರವಧನ'. 1972ರ ಗ್ರಾಚ್ಯುಟಿ ಕಾಯ್ದೆ ಇವರಿಗೂ ಅನ್ವಯಿಸುತ್ತೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಅಂದ್ರೆ ಯೋಜನೆ ಶುರುವಾಗಿ 47 ವರ್ಷ ಆದ್ಮೇಲೆ!

5/5 ಹಾಗಾದ್ರೆ ಹೋಂವರ್ಕ್?

'ನಾನು ಓದಿಲ್ಲ, ನಂಗೇನ್ ಗೊತ್ತಾಗುತ್ತೆ, ಅವರಮ್ಮ ಬರ್ಲಿ.' ಮಕ್ಕಳನ್ನ ನೋಡ್ಕೊಳ್ಳೋ ಅಕ್ಕಂದಿರು, ಅಜ್ಜಿಯರು ಹೀಗಂದು ಹಿಂದೆ ಸರಿದುಬಿಡ್ತಾರೆ. ನಾವೂ ಹೌದೌದು ಅಂತೀವಿ. ಆದ್ರೆ ಪಾಠ ಹೇಳೋದು ಟೀಚರ್ ಕೆಲಸ. ಪಕ್ಕದಲ್ಲಿ ಇರೋರ ಕೆಲಸ ಬೇರೆ, ಅದಕ್ಕೆ ಡಿಗ್ರಿ ಬೇಡ.

ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂರಿಸೋದು. ಅದಕ್ಕೆ ಮೊದಲು ಏನಾದ್ರೂ ತಿನ್ನೋಕೆ ಕೊಡೋದು. ಟಿವಿ ಆಫ್ ಮಾಡಿ ತಾವೂ ಮೊಬೈಲ್ ಪಕ್ಕಕ್ಕಿಡೋದು. 'ಇವತ್ತು ಟೀಚರ್ ಏನ್ ಹೇಳ್ಕೊಟ್ರು, ನಂಗೂ ಹೇಳು' ಅಂತ ಕೇಳೋದು. ಬೇರೆಯವರಿಗೆ ಹೇಳೋಕೆ ಹೋದಾಗ್ಲೇ ಮಗುಗೆ ತನಗೆಲ್ಲಿ ಅರ್ಥ ಆಗಿಲ್ಲ ಅನ್ನೋದು ಗೊತ್ತಾಗೋದು. ಲೆಕ್ಕ ಕಷ್ಟ ಆದ್ರೆ ಅಡಿಕೆ, ಜೋಳದ ಕಾಳು ಎಣಿಸೋದು. ಎಷ್ಟೇ ಹೊತ್ತಾದ್ರೂ ತಾವೇ ಬರೆದುಕೊಡದೇ ಇರೋದು. ಬಾರದೇ ಉಳಿದಿದ್ದನ್ನ ಹಾಗೇ ಬಿಟ್ಟು ಟೀಚರ್‌ಗೆ ಹೇಳಿ ಕಳಿಸೋದು, ಯಾಕಂದ್ರೆ ಟೀಚರ್‌ಗೆ ಬೇಕಾಗಿರೋ ಮಾಹಿತಿನೇ ಅದು.

ಕೆಲಸಕ್ಕೆ ಹೋಗೋ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಶಾಲೆಯ ವಾಟ್ಸಾಪ್ ಮೆಸೇಜ್ ಬರೋದು ನಿಮ್ಮ ಫೋನಿಗೆ. ಮಗು ಇರೋದು ಅಕ್ಕನ ಹತ್ತಿರ. ಬೆಂಗಳೂರಿನ ಅಪಾರ್ಟ್‌ಮೆಂಟ್ ಆಗ್ಲಿ, ಸೊರಬದ ಮನೆ ಆಗ್ಲಿ, ಆ ಮೆಸೇಜ್ ಅವರಿಗೂ ಹೇಳಿ. ಓದೋಕೆ ಬರಲ್ಲ ಅಂದ್ರೆ ವಾಯ್ಸ್ ಮೆಸೇಜ್ ಹಾಕಿ. ಸಂಜೆ ಬಂದು 'ಇವತ್ತು ಹೇಗೆ ಓದ್ದ?' ಅಂತ ಅವರನ್ನೇ ಕೇಳಿ. ಮತ್ತೆ ಆ ಕೆಲಸಕ್ಕೂ ಸೇರಿಸಿ ಸಂಬಳ ಕೊಡಿ. ದೀಪದ ಎಣ್ಣೆಗೆ ಸಾವಿರ ವರ್ಷದ ಹಿಂದೆನೇ ಭೂಮಿ ತೆಗೆದಿಟ್ಟ ನಾಡು ಇದು, ಎಣ್ಣೆ ಹಾಕೋ ಕೈಗೂ ಒಂದು ಬಾಬ್ತು ಇರಲಿ.

ನೀವು ಓದುವಾಗ ಪಕ್ಕದಲ್ಲಿ ಕೂರ್ತಿದ್ದವರು ಯಾರು? ಅಜ್ಜಿನಾ, ದೊಡ್ಡಮ್ಮನಾ, ಪಕ್ಕದ ಮನೆ ಅಕ್ಕನಾ, ಅಂಗನವಾಡಿ ಟೀಚರಾ? ಕಾಮೆಂಟಲ್ಲಿ ಹೇಳಿ. ಆಮೇಲೆ ಇದನ್ನ ಅವರಿಗೂ ಓದಿ ಹೇಳಿ.

#ಶಿಕಾರಿಪುರ #ಸೊರಬ #ತಾಳಗುಂದ #ಬಳ್ಳಿಗಾವಿ #ನಮ್ಮೂರಇತಿಹಾಸ