ಹೊಣೆ ಮತ್ತು ಸೆರೆ

ಜಾಮೀನು ಎಂಬುದು ಅರಬ್ಬೀ ಮೂಲದಿಂದ ಬಂದು ನಮ್ಮ ಕಚೇರಿಗಳಲ್ಲಿ ನೆಲೆನಿಂತ ಮಾತು. ಕನ್ನಡದಲ್ಲಿ ಅದಕ್ಕೆ ಹೊಣೆ ಎನ್ನಬಹುದು. ಅಪರಾಧ ರುಜುವಾತಾಗುವ ಮೊದಲೇ ಒಬ್ಬ ಮನುಷ್ಯನನ್ನು ಸೆರೆಯಲ್ಲಿಡಬಹುದೆ? ಇಟ್ಟರೆ ಎಷ್ಟು ಕಾಲ? ಈ ಪ್ರಶ್ನೆಗೆ ಏಳು ಶತಮಾನಗಳಿಗೂ ಮಿಕ್ಕಿದ ಇತಿಹಾಸವಿದೆ.

ಇಂಗ್ಲೆಂಡಿನಲ್ಲಿ ಆಪಾದಿತರನ್ನು ಹೊಣೆಯ ಮೇಲೆ ಬಿಡುವ ಅಧಿಕಾರ ಬಹುಕಾಲ ಷೆರಿಫರ ಕೈಯಲ್ಲಿತ್ತು. ಬಿಡಬೇಕಾದವರನ್ನು ಹಿಡಿದಿಟ್ಟು, ಬಿಡಬಾರದವರನ್ನು ಹಣಕ್ಕಾಗಿ ಬಿಡುವ ಅನ್ಯಾಯ ಬೆಳೆಯಿತು. 1275ರ ವೆಸ್ಟ್‌ಮಿನ್‌ಸ್ಟರ್ ಶಾಸನವು ಯಾವ ಆಪಾದನೆಗೆ ಜಾಮೀನು ಉಂಟು, ಯಾವುದಕ್ಕೆ ಇಲ್ಲ ಎಂದು ಗೆರೆ ಎಳೆಯಿತು. 1679ರ ಹೇಬಿಯಸ್ ಕಾರ್ಪಸ್ ಕಾಯಿದೆಯು ಬಂಧಿತನನ್ನು ತಡಮಾಡದೆ ನ್ಯಾಯಾಧೀಶರೆದುರಿಗೆ ತರಬೇಕೆಂದು ವಿಧಿಸಿತು. ಆಗ ಜಾಮೀನನ್ನು ನಿರಾಕರಿಸುವ ಬದಲು, ತೆರಲಾಗದಷ್ಟು ದೊಡ್ಡ ಮೊತ್ತವನ್ನು ಕೇಳುವ ಉಪಾಯ ಹುಟ್ಟಿತು. ಆದ್ದರಿಂದಲೇ ಮಿತಿಮೀರಿದ ಜಾಮೀನು ಕೇಳಕೂಡದೆಂಬ ನಿಯಮ 1689ರ ಹಕ್ಕುಗಳ ಮಸೂದೆಯಲ್ಲಿ ಸೇರಿತು.

ನಮ್ಮಲ್ಲಿ 1898ರ ದಂಡಪ್ರಕ್ರಿಯಾ ಸಂಹಿತೆಯೂ ಅದರ ಸ್ಥಾನಕ್ಕೆ ಬಂದ 1973ರ ಸಂಹಿತೆಯೂ ಅಪರಾಧಗಳನ್ನು ಎರಡಾಗಿ ವಿಂಗಡಿಸಿದವು. ಜಾಮೀನೀಯ ಅಪರಾಧಗಳಲ್ಲಿ ಬಿಡುಗಡೆ ಆಪಾದಿತನ ಹಕ್ಕು. ಉಳಿದವುಗಳಲ್ಲಿ ಅದು ನ್ಯಾಯಾಲಯದ ವಿವೇಚನೆ. ಆಪಾದಿತನು ಓಡಿಹೋದಾನೆ, ಸಾಕ್ಷಿಗಳನ್ನು ಬೆದರಿಸಿಯಾನೆ, ಮತ್ತೆ ಅಪರಾಧವೆಸಗಿಯಾನೆ ಎಂಬುದನ್ನು ನ್ಯಾಯಾಧೀಶರು ತೂಗಿನೋಡಬೇಕು. ಇಂಥ ಭಯವಿಲ್ಲದ ಕಡೆ ಜಾಮೀನೇ ನಿಯಮ, ಸೆರೆಯಲ್ಲ ಎಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ 1977ರಲ್ಲಿ ಸಾರಿದರು.

ಆದರೆ ಜಾಮೀನಿನ ಆದೇಶ ದೊರೆತ ಮಾತ್ರಕ್ಕೆ ಬಡವನ ಪಾಲಿಗೆ ಬಾಗಿಲು ತೆರೆಯುವುದಿಲ್ಲ. 1978ರಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆಕೆಲಸದವನ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಆತನನ್ನು ಜಾಮೀನಿನ ಮೇಲೆ ಬಿಡಬೇಕೆಂದು ಆ ನ್ಯಾಯಾಲಯವೇ ಹೇಳಿತ್ತು. ಆದರೂ ಮ್ಯಾಜಿಸ್ಟ್ರೇಟರು 10,000 ರೂಪಾಯಿಗಳ ಹೊಣೆ ಕೇಳಿದರು. ಹೊಣೆ ನಿಲ್ಲಲು ಬಂದ ಸೋದರನ ಆಸ್ತಿ ಬೇರೊಂದು ಜಿಲ್ಲೆಯಲ್ಲಿದೆಯೆಂದು ಅವನನ್ನು ಒಪ್ಪಲಿಲ್ಲ. ಕೃಷ್ಣ ಅಯ್ಯರ್ ಅವರು 1,000 ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು.

ಮರುವರ್ಷವೇ ಬಿಹಾರದ ಸೆರೆಮನೆಗಳ ಸ್ಥಿತಿ ಪತ್ರಿಕೆಯಲ್ಲಿ ಬೆಳಕಿಗೆ ಬಂದಿತು. ಆಪಾದನೆ ಸಿದ್ಧವಾದರೂ ದೊರೆಯಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲವನ್ನು ವಿಚಾರಣೆಯೇ ಇಲ್ಲದೆ ಕಳೆದವರು ಅಲ್ಲಿದ್ದರು. ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಶೀಘ್ರ ವಿಚಾರಣೆಯೂ ಸಂವಿಧಾನದ 21ನೆಯ ವಿಧಿಯ ಹಕ್ಕೇ ಎಂದು ನ್ಯಾಯಮೂರ್ತಿ ಪಿ. ಎನ್. ಭಗವತಿ ತೀರ್ಪಿತ್ತರು.

2005ರ ತಿದ್ದುಪಡಿಯು, ಮರಣದಂಡನೆಯ ಅಪರಾಧಗಳನ್ನುಳಿದು, ಗರಿಷ್ಠ ಶಿಕ್ಷೆಯ ಅರ್ಧಕಾಲ ಸೆರೆಯಲ್ಲಿದ್ದವರಿಗೆ ಬಿಡುಗಡೆಯ ದಾರಿ ತೋರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಪಾಗದವರಿಗೆ ಅದನ್ನು ಮೂರನೆಯ ಒಂದು ಭಾಗಕ್ಕಿಳಿಸಿತು. ಆದರೆ ಜೀವಾವಧಿ ಶಿಕ್ಷೆಯ ಅಪರಾಧಗಳನ್ನೂ ಹೊರಗಿಟ್ಟಿತು. ಜಾಮೀನು ದೊರೆತೂ ಏಳು ದಿನಗಳಲ್ಲಿ ಹೊರಬಾರದ ಕೈದಿಯ ವಿಷಯವನ್ನು ಸೆರೆಮನೆಯ ಅಧಿಕಾರಿಗಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಆದೇಶಿಸಿತು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟವೂ ಈ ವಿಳಂಬಕ್ಕೆ ಕಾರಣವೆಂದು ಹೇಳಿತು. ಗಾರೆಕೆಲಸದವನ ತೀರ್ಪು ಬಂದು ಆಗ 45 ವರ್ಷಗಳಾಗಿದ್ದವು.