ಹುಷಾರು

ಫಾರಸಿಯಲ್ಲಿ 'ಹೋಶ್' ಎಂದರೆ ಅರಿವು, ಎಚ್ಚರ. ಅದರಿಂದಾದ 'ಹೋಶಿಯಾರ್' ನಮ್ಮ ಸುತ್ತಲಿನ ಭಾಷೆಗಳಿಗೆಲ್ಲ ಬಂದು ಒಂದೊಂದು ಕಡೆ ಒಂದೊಂದು ಬಗೆಯಾಯಿತು. ಮರಾಠಿಯಲ್ಲಿ ಹುಶಾರ್ ಎಂದರೆ ಜಾಣ. ತಮಿಳಿನ ಉಷಾರ್ ಎಚ್ಚರಿಕೆ. ತೆಲುಗಿನ ಹುಷಾರು ಲವಲವಿಕೆ. ಕನ್ನಡ ಈ ಪದವನ್ನು ಮೈಗೇ ಹಚ್ಚಿಕೊಂಡಿತು.

'ಹುಷಾರಾಗಿ ಹೋಗು' ಎಂದರೆ ಎಚ್ಚರ, 'ಹುಡುಗಿ ಲೆಕ್ಕದಲ್ಲಿ ಹುಷಾರು' ಎಂದರೆ ಜಾಣತನ, ಬೆರಳೆತ್ತಿ 'ಹುಷಾರ್!' ಎಂದರೆ ಬೆದರಿಕೆ. 'ಹುಷಾರಿಲ್ಲ' ಎಂದರೆ ಮಾತ್ರ ಜ್ವರ, ಗಂಜಿ, ರಜೆ ಅರ್ಜಿ. ಎಚ್ಚರ ತಪ್ಪಿದವರು ಮೂರ್ಛೆ ಹೋದವರು. ಹುಷಾರು ತಪ್ಪಿದವರು ಕಾಯಿಲೆ ಬಿದ್ದವರು. ಧಾರವಾಡದ ಕಡೆ 'ಆರಾಮ ಅದೀರಿ?' ಎನ್ನುತ್ತಾರೆ, ಅದೂ ಫಾರಸಿಯದೇ. ಕರಾವಳಿಯವರು ಸೌಖ್ಯ ವಿಚಾರಿಸುತ್ತಾರೆ. ಆರಾಮದಲ್ಲಿ ನೆಮ್ಮದಿಯಿದೆ, ಸೌಖ್ಯದಲ್ಲಿ ಸುಖವಿದೆ. ಹುಷಾರಿನಲ್ಲಿ ಕಾವಲಿದೆ. ಆರೋಗ್ಯವೆಂದರೆ ಮೈಯ ಮೇಲೆ ಗಮನವಿರುವುದು ಎಂಬ ಅರ್ಥ ಅದರೊಳಗೇ ಕೂತಿದೆ. ಅದಕ್ಕೇ ಈ ಪದ ನನಗೆ ಇಷ್ಟ.

ಆದರೆ ಆ ಗಮನ ಹೋಗುವುದೆಲ್ಲ ಇನ್ನೊಬ್ಬರ ಕಡೆಗೆ. ಮನೆಯಲ್ಲಿ ದಿನವಿಡೀ 'ಹುಷಾರು, ಹುಷಾರು' ಎನ್ನುವವಳು ತಾಯಿ. ಶಾಲೆಗೆ ಹೊರಟ ಮಗುವಿಗೆ, ಬೈಕ್ ಹತ್ತಿದ ಗಂಡನಿಗೆ, ಬಚ್ಚಲಿಗೆ ನಡೆದ ಅತ್ತೆಗೆ. 'ನನಗೆ ಹುಷಾರಿಲ್ಲ' ಎಂದು ಅವಳು ಹೇಳುವುದು ಅಪರೂಪ. 'ಏನೋ ಸುಸ್ತು', 'ಸ್ವಲ್ಪ ತಲೆ ತಿರುಗಿತು ಅಷ್ಟೇ' ಎನ್ನುತ್ತಾಳೆ. ಹುಷಾರಿಲ್ಲ ಅಂದರೆ ಮಲಗಬೇಕಾಗುತ್ತದೆ, ಮಲಗಿದರೆ ಒಲೆ ಹಚ್ಚುವವರು ಯಾರು?

ಆ ಸುಸ್ತಿಗೆ ಎಷ್ಟೋ ಸಲ ರಕ್ತಹೀನತೆ ಕಾರಣವಾಗಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆಯಿತ್ತು. ಅರ್ಧಕ್ಕಿಂತ ಹೆಚ್ಚು! ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಕನಿಷ್ಠ 12 ಗ್ರಾಂ ಇರಬೇಕು. ಅದು ಮೆಲ್ಲಗೆ ಇಳಿಯುವಾಗ ಮೈ ಹೊಂದಿಕೊಳ್ಳುತ್ತ ಹೋಗುತ್ತದೆ. ಹಾಗಾಗಿ 9ಕ್ಕೆ ಇಳಿದವರೂ ನೀರು ಹೊರುತ್ತಾರೆ, ಬಸ್ಸಿನಲ್ಲಿ ನಿಂತು ಕೆಲಸಕ್ಕೆ ಹೋಗುತ್ತಾರೆ, ಕೇಳಿದರೆ ಹುಷಾರಾಗಿದ್ದೀನಿ ಎನ್ನುತ್ತಾರೆ. ಸುಳ್ಳಲ್ಲ, ಅವರಿಗೆ ಹಾಗೇ ಅನಿಸಿರುತ್ತದೆ.

ಕಬ್ಬಿಣಾಂಶದ ಕೊರತೆಯಿಂದಾದ ರಕ್ತಹೀನತೆಗೆ ಅಡುಗೆಮನೆಯಲ್ಲೇ ಮಾಡಬಹುದಾದದ್ದೂ ಇದೆ. ಊಟದ ಜೊತೆಗೇ ಕುಡಿದ ಕಾಫಿ, ಟೀ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಬಹುದು. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಅದೇ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಹಾಗೆಂದು ಹಿಮೋಗ್ಲೋಬಿನ್ ತೀರಾ ಕಡಿಮೆಯಿರುವವರಿಗೆ ಪಲ್ಯವೊಂದೇ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ದಿನ ಮಾತ್ರೆ ನುಂಗಬೇಕು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ಅದನ್ನೂ ಅವರಿಗೆ ಹೇಳಬೇಕು.

ಊರಿಗೆ ಫೋನ್ ಮಾಡಿ 'ಹುಷಾರಾಗಿದ್ದೀಯೇನಮ್ಮಾ' ಎಂದು ಕೇಳುವ ಮಕ್ಕಳಿಗೆ 'ಹೂಂ ಕಣೋ, ನೀನು ಹುಷಾರು' ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಫೋನ್ ಇಡಬೇಡಿ. ರಕ್ತಹೀನತೆಯ ಸುಳಿವು ಸಿಗಲೆಂದು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದಾ, ಅಕ್ಕಿ ಆರಿಸುವಾಗ ಹಸಿ ಅಕ್ಕಿ ತಿನ್ನಬೇಕು ಅನಿಸುತ್ತದಾ, ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದೂ ಕೇಳಿ.