ಜಾರು ಮುಚ್ಚಳದ ಮರದ ಪೆಟ್ಟಿಗೆ: ಮನೆಯಲ್ಲೇ ಮಾಡುವುದು ಹೇಗೆ? ಮಳೆಗಾಲದಲ್ಲೂ ಮುಚ್ಚಳ ಬಿಗಿಯದಿರಲು ಈ ಲೆಕ್ಕ ಗೊತ್ತಿರಲಿ

ಮುಂಬೈಯಲ್ಲಿ ಮಳೆ ಹಿಡಿದು ಒಂದೆರಡು ವಾರವಾಗುವಷ್ಟರಲ್ಲಿ ಮರದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು ಅಲ್ಲಿರುವವರಿಗೆಲ್ಲ ಗೊತ್ತು. ಭುಜ ಕೊಟ್ಟು ತಳ್ಳಿದರೂ ಅಲುಗುವುದಿಲ್ಲ. ದಸರಾ ಕಳೆದ ಮೇಲೆ ಅದೇ ಬಾಗಿಲು ಸಲೀಸಾಗಿ ತೆರೆದುಕೊಳ್ಳುತ್ತದೆ. ಅಂಗೈಯಗಲದ ಪೆಟ್ಟಿಗೆಯ ಮುಚ್ಚಳಕ್ಕೂ ಇದೇ ಪಾಡು. ಜಾರು ಮುಚ್ಚಳದ ಪೆಟ್ಟಿಗೆ ಮಾಡಲು ಹೊರಟವರು ಸೋಲುವುದು ಹೆಚ್ಚಾಗಿ ಇಲ್ಲೇ.

ಇಂಥ ಪೆಟ್ಟಿಗೆಗೆ ಬಿಜಾಗರಿ ಬೇಡ, ಸ್ಕ್ರೂ ಬೇಡ, ಚಿಲಕವೂ ಬೇಡ. ಎರಡು ಪಕ್ಕದ ಹಲಗೆಗಳ ಒಳಮೈಯಲ್ಲಿ ಉದ್ದಕ್ಕೂ ತೋಡು ಇರುತ್ತದೆ, ತೆಳು ಹಲಗೆಯ ಮುಚ್ಚಳ ಅದರೊಳಗೆ ಜಾರುತ್ತದೆ. ಮುಂಬದಿಯ ಹಲಗೆ ತೋಡಿನ ಮಟ್ಟದಷ್ಟೇ ಎತ್ತರ ಇರುವುದರಿಂದ ಮುಚ್ಚಳ ಅದರ ಮೇಲಿಂದ ಹೊರಬರುತ್ತದೆ. ಪೆನ್ಸಿಲ್, ಪೇಂಟ್ ಬ್ರಷ್, ಹೊಲಿಗೆ ಸಾಮಾನು ಇಡಲು ಹೇಳಿ ಮಾಡಿಸಿದಂತಿದೆ.

ಯಂತ್ರವಿಲ್ಲದೆ ತೋಡು

ತೋಡು ಕೊರೆಯಲು ಬಡಗಿಗಳು ರೌಟರ್ ಯಂತ್ರ ಬಳಸುತ್ತಾರೆ. ಬಾಡಿಗೆ ಫ್ಲ್ಯಾಟ್‌ನಲ್ಲಿ ಅದರ ಸದ್ದು, ದೂಳು ಎರಡೂ ಕಷ್ಟ. ಉಳಿಯಿಂದ 20 ಸೆಂ.ಮೀ. ಉದ್ದಕ್ಕೂ ಒಂದೇ ಆಳಕ್ಕೆ ಕೊರೆಯಲು ಕೈ ಪಳಗಿರಬೇಕು. ಸುಲಭದ ದಾರಿ ಎಂದರೆ ತೋಡನ್ನು ಕೊರೆಯದೆ ಕಟ್ಟುವುದು. 5 ಮಿ.ಮೀ. ದಪ್ಪದ ಹಲಗೆಯ ಒಳಮೈಗೆ ಇನ್ನೊಂದು 5 ಮಿ.ಮೀ. ಹಲಗೆ ಅಂಟಿಸಿ, ನಡುವೆ ಜಾಗ ಬಿಟ್ಟು ಮೇಲೊಂದು ಸಣ್ಣ ಪಟ್ಟಿ ಅಂಟಿಸಿದರೆ ಉಳಿದ ಸಂದೇ ತೋಡು!

ಹೊರ ಅಳತೆ 200 ಮಿ.ಮೀ. ಉದ್ದ, 80 ಮಿ.ಮೀ. ಅಗಲ ಇರುವ ಪೆಟ್ಟಿಗೆಯ ಲೆಕ್ಕ ಹೀಗಿದೆ. ಒಂದು ಪಕ್ಕಕ್ಕೆ 200×60ರ ಹೊರ ಹಲಗೆ, 200×50ರ ಒಳ ಹಲಗೆ, 200×5ರ ಪಟ್ಟಿ ಬೇಕು. ಒಳ ಹಲಗೆ ಕೆಳಗಿನ ಅಂಚಿಗೆ, ಪಟ್ಟಿ ಮೇಲಿನ ಅಂಚಿಗೆ ಸರಿಯಾಗಿ ಕೂರಬೇಕು. ಆಗ ನಡುವೆ 5 ಮಿ.ಮೀ. ಅಗಲ, 5 ಮಿ.ಮೀ. ಆಳದ ತೋಡು ಸಿಗುತ್ತದೆ. ಇನ್ನೊಂದು ಪಕ್ಕವೂ ಹಾಗೆಯೇ. ಹಿಂಬದಿಗೂ ಇದೇ ಕ್ರಮ, ಉದ್ದ ಮಾತ್ರ 60 ಮಿ.ಮೀ. ಮುಂಬದಿಗೆ 60×50ರ ಎರಡು ತುಂಡುಗಳನ್ನು ಒಂದಕ್ಕೊಂದು ಅಂಟಿಸಿದರೆ ಸಾಕು. ತಳಕ್ಕೆ 4 ಮಿ.ಮೀ. ಪ್ಲೈವುಡ್.

ದೊಡ್ಡ ಹಲಗೆ ಕೊಳ್ಳಬೇಕಿಲ್ಲ. ದೆಹಲಿಯ ಕೀರ್ತಿನಗರವೋ ಪುಣೆಯ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟೋ ಹತ್ತಿರವಿದ್ದರೆ ತೇಗದ ಕಡಿತುಂಡುಗಳನ್ನು ಕೇಳಿ ನೋಡಿ, 5 ಮಿ.ಮೀ.ಗೆ ಸೀಳಿಸಿಕೊಳ್ಳಿ. ಮೇಲಿನ ಸಣ್ಣ ಪಟ್ಟಿಗೆ ತೇಗದ ಬೀಡಿಂಗ್ ಪಟ್ಟಿ ಆಗುತ್ತದೆ.

ಮುಚ್ಚಳದ ಅಗಲ ಎಷ್ಟಿರಬೇಕು?

ಎರಡೂ ತೋಡು ಸೇರಿ ಮುಚ್ಚಳಕ್ಕೆ ಸಿಗುವ ಜಾಗ 70 ಮಿ.ಮೀ. ಹಾಗೆಂದು 70ಕ್ಕೇ ಕತ್ತರಿಸಿದಿರೋ, ಕೆಟ್ಟಿತು. ನನ್ನ ಮೊದಲ ಪೆಟ್ಟಿಗೆಯನ್ನು ಮೇ ತಿಂಗಳಲ್ಲಿ ಹೀಗೇ ಮಾಡಿದ್ದೆ. ಆಗ ಮುಚ್ಚಳ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತ್ತು, ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿದ್ದಾಯಿತು. ಜುಲೈನಲ್ಲಿ ಒಳಗಿದ್ದ ಸೂಜಿ ಬೇಕಾದಾಗ ತೆರೆಯಲೇ ಇಲ್ಲ.

ಕಾರಣ ಮರದ ಗುಣದಲ್ಲೇ ಇದೆ. ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವ ಹೀರುವುದನ್ನು, ಬಿಡುವುದನ್ನು ನಿಲ್ಲಿಸುವುದಿಲ್ಲ. ಎಳೆಯ ಉದ್ದಕ್ಕೆ ಅದು ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಡ್ಡಕ್ಕೆ. ಸ್ಥಿರ ಮರವೆಂದು ಹೆಸರಾದ ತೇಗವೂ ಹಸಿಯಿಂದ ಪೂರ್ತಿ ಒಣಗುವಾಗ, ಸೀಳಿದ ರೀತಿಗೆ ತಕ್ಕಂತೆ, ಅಗಲದಲ್ಲಿ ಸುಮಾರು ಶೇ. 2.5ರಿಂದ 6ರಷ್ಟು ಕುಗ್ಗುತ್ತದೆ. ಒಣ ಬೇಸಿಗೆಯಿಂದ ಮಳೆಗಾಲಕ್ಕೆ ಬರುವಾಗ 70 ಮಿ.ಮೀ. ಅಗಲದ ಮುಚ್ಚಳ ಅರ್ಧದಿಂದ ಮುಕ್ಕಾಲು ಮಿ.ಮೀ. ಹಿಗ್ಗಬಹುದು. ಬಿಗಿದುಕೊಳ್ಳಲು ಅಷ್ಟು ಸಾಕು.

ಹಾಗಾಗಿ ದೆಹಲಿ, ಹೈದರಾಬಾದ್‌ನ ಒಣ ಬೇಸಿಗೆಯಲ್ಲಿ ಮಾಡುವವರು ಮುಚ್ಚಳವನ್ನು 68.5 ಮಿ.ಮೀ.ಗೆ ಕತ್ತರಿಸಿ. ಮುಂಬೈಯಲ್ಲಿ ಜುಲೈನಲ್ಲಿ ಮಾಡುವುದಾದರೆ ಮರ ಆಗಲೇ ಹಿಗ್ಗಿರುತ್ತದೆ, 69.5 ಇದ್ದರೂ ನಡೆಯುತ್ತದೆ. ಚೆನ್ನೈನಲ್ಲಿ ವರ್ಷವಿಡೀ ತೇವ ಇದ್ದದ್ದೇ, 69 ಇರಲಿ. ಒಣಗಾಲದಲ್ಲಿ ಕುಗ್ಗಿದರೆ ಬಿದ್ದುಹೋಗುವುದಿಲ್ಲವೇ? ಇಲ್ಲ, ತೋಡು ಎರಡೂ ಬದಿ 5 ಮಿ.ಮೀ. ಆಳ ಇದೆಯಲ್ಲ.

ಮುಚ್ಚಳದ ಉದ್ದ 195 ಮಿ.ಮೀ., ಎಳೆ ಉದ್ದಕ್ಕೇ ಹರಿದಿರಬೇಕು. ಎಳೆ ಅಡ್ಡಕ್ಕಿದ್ದರೆ ಅಗಲದಲ್ಲಿ ಬಿಗಿಯುವುದಿಲ್ಲ ನಿಜ, ಆದರೆ ಕೈಯಿಂದ ಬಿದ್ದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ದಪ್ಪವನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ 4.5 ಮಿ.ಮೀ.ಗೆ ಇಳಿಸಿ. ಮೊದಲು 120, ಆಮೇಲೆ 220ರ ಕಾಗದ.

ಜೋಡಣೆ

ಮುಂಬದಿ, ಹಿಂಬದಿ ಎರಡನ್ನೂ ಪಕ್ಕದ ಹಲಗೆಗಳ ನಡುವೆ ಕೂರಿಸಿ ಫೆವಿಕಾಲ್ ಹಚ್ಚಿ. ಕ್ಲಾಂಪ್ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಸಮ ಬಂದರೆ ಪೆಟ್ಟಿಗೆ ಸೊಟ್ಟಗಿಲ್ಲ ಎಂದರ್ಥ. ಅಂಟು ಹಸಿಯಿರುವಾಗಲೇ ಮುಚ್ಚಳವನ್ನು ಒಮ್ಮೆ ಜಾರಿಸಿ ನೋಡಿ ಹೊರತೆಗೆಯಿರಿ, ತೋಡಿಗೆ ಒಸರಿದ ಅಂಟನ್ನು ಕಡ್ಡಿಯಿಂದ ಕೆರೆಯಿರಿ. ಮರೆತರೆ ಒಣಗಿದ ಮೇಲೆ ತೆಗೆಯುವುದು ದೊಡ್ಡ ತಲೆನೋವು. ಇಡೀ ದಿನ ಒಣಗಲು ಬಿಟ್ಟು, ನಂತರ ತಳ ಅಂಟಿಸಿ.

ಹಿಂಬದಿಯಿಂದ ನೋಡಿದರೆ ತೋಡಿನ ತುದಿಗಳು ಎರಡು ಚೌಕ ತೂತುಗಳಾಗಿ ಕಾಣುತ್ತವೆ. 5 ಮಿ.ಮೀ. ಚೌಕದ, 5 ಮಿ.ಮೀ. ಉದ್ದದ ಮರದ ಚೂರು ತೂರಿಸಿ ಅಂಟಿಸಿ ಉಜ್ಜಿಬಿಡಿ.

ಹೊರಮೈಗೆ ವಾರ್ನಿಷ್ ಬಳಿಯಬಹುದು, ತೋಡಿಗೆ ಮಾತ್ರ ಬೇಡ. ಅದರ ಪದರವೇ ಮುಚ್ಚಳವನ್ನು ಹಿಡಿಯುತ್ತದೆ. ತೋಡಿಗೂ ಮುಚ್ಚಳದ ಅಂಚಿಗೂ ಮೇಣದಬತ್ತಿ ಉಜ್ಜಿದರೆ ಬೆರಳಲ್ಲೇ ಜಾರುತ್ತದೆ.

ಇಷ್ಟಾಗಿಯೂ ಮಳೆಗಾಲದಲ್ಲಿ ಬಿಗಿದರೆ ಸುತ್ತಿಗೆ ಎತ್ತಬೇಡಿ. ಪೆಟ್ಟಿಗೆಯನ್ನು ಕೆಲವು ದಿನ ಫ್ರಿಜ್‌ನ ಮೇಲೋ ಟಿವಿಯ ಪಕ್ಕವೋ ಬೆಚ್ಚಗಿನ, ಒಣ ಜಾಗದಲ್ಲಿಡಿ. ಮುಚ್ಚಳ ಸಡಿಲವಾದಾಗ ಹೊರತೆಗೆದು ಒಂದು ಬದಿಯ ಅಂಚನ್ನಷ್ಟೇ ಅರ್ಧ ಮಿ.ಮೀ. ಉಜ್ಜಿ, ಮತ್ತೆ ಮೇಣ ಹಚ್ಚಿ.